ಬಾಂಬಿಗಿಂತ ಮೊದಲು ದಾಸ್ತಾನು ಪುಸ್ತಕ



ಅಣು ಮತ್ತು ವಿಕಿರಣ ಭಯೋತ್ಪಾದನೆಯಿಂದ ನಗರಗಳನ್ನು ಕಾಪಾಡುವ ಕಾನೂನು ಎಂಬ ವಿಷಯವನ್ನು ಸ್ವಾಗತ ಸಮಿತಿಯವರು ನನಗೆ ವಹಿಸಿದ್ದಾರೆ. ವಕೀಲನ ಕೈಗೆ ಇಂಥದ್ದನ್ನು ಕೊಟ್ಟರೆ ಕಲಮುಗಳನ್ನು ಓದಿ ಊಟದ ಹೊತ್ತು ಮೀರಿಸುತ್ತಾನೆ ಎಂಬ ಅಂಜಿಕೆ ನಿಮಗಿದ್ದರೆ ತಪ್ಪಿಲ್ಲ. ಓದಲು ಕಲಮುಗಳಿಗೇನೂ ಬರವಿಲ್ಲ. 2004ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1540ನೇ ನಿರ್ಣಯ ಹೊರಡಿಸಿ, ಇಂಥ ಅಸ್ತ್ರಗಳು ಸರ್ಕಾರೇತರ ಗುಂಪುಗಳ ಕೈಸೇರದಂತೆ ಪ್ರತಿಯೊಂದು ದೇಶವೂ ಕಾನೂನು ಮಾಡಬೇಕು ಎಂದಿತು. ಮರುವರ್ಷವೇ ನಮ್ಮ ಸಂಸತ್ತು ಸಾಮೂಹಿಕ ವಿನಾಶದ ಅಸ್ತ್ರಗಳ ಕಾಯ್ದೆಯನ್ನು ಅಂಗೀಕರಿಸಿತು. ಅಣು ಭಯೋತ್ಪಾದನೆಯ ವಿರುದ್ಧದ ಅಂತರರಾಷ್ಟ್ರೀಯ ಒಪ್ಪಂದವೂ 2005ರದ್ದೇ. ಅದು 2007ರ ಜುಲೈನಲ್ಲಿ ಜಾರಿಗೆ ಬಂತು. ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯಲ್ಲಿಯೂ (ಯುಎಪಿಎ) ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಭಯೋತ್ಪಾದಕ ಕೃತ್ಯದ ವ್ಯಾಖ್ಯೆಯೊಳಗೆ ವಿಕಿರಣಶೀಲ ವಸ್ತು ಸೇರಿಕೊಂಡಿದೆ. ಶಿಕ್ಷೆಯೂ ಉಗ್ರವಾಗಿಯೇ ಇದೆ. ಆದರೆ ಸಾಯಲು ಸಿದ್ಧನಾಗಿಯೇ ಬಂದವನನ್ನು ಜೀವಾವಧಿ ಶಿಕ್ಷೆ ತೋರಿಸಿ ತಡೆಯಲಾದೀತೇ? ಆದ್ದರಿಂದ ದಂಡದ ಕಲಮುಗಳನ್ನು ಇಲ್ಲಿಗೇ ಬಿಟ್ಟು, ಆ ವಸ್ತು ಅವನ ಕೈಗೆ ಬರುವ ಮುನ್ನ ಎಲ್ಲಿತ್ತು, ಯಾರ ವಶದಲ್ಲಿತ್ತು ಎಂಬುದನ್ನು ಮಾತ್ರ ಕೇಳುತ್ತೇನೆ.

ಅಣುಬಾಂಬಿಗೆ ಬೇಕಾದ ಪ್ಲುಟೋನಿಯಂ, ಸಮೃದ್ಧಗೊಳಿಸಿದ ಯುರೇನಿಯಂ ಸರ್ಕಾರಗಳ ಬಿಗಿ ಕಾವಲಿನಲ್ಲಿರುತ್ತವೆ. ಸಾಮಾನ್ಯ ಸ್ಫೋಟಕದಿಂದ ವಿಕಿರಣಶೀಲ ವಸ್ತುವನ್ನು ಚೆಲ್ಲುವ, ಡರ್ಟಿ ಬಾಂಬ್ ಎಂದು ಪತ್ರಿಕೆಗಳು ಕರೆಯುವ ಬಾಂಬಿಗೆ ಬಳಕೆಯಾಗಬಹುದಾದ ಕೋಬಾಲ್ಟ್-60, ಸೀಸಿಯಂ-137 ಹಾಗಲ್ಲ. ಅವು ನಮ್ಮ ನಡುವೆಯೇ ಇವೆ. ಕ್ಯಾನ್ಸರ್ ಚಿಕಿತ್ಸೆಯ ಯಂತ್ರದಲ್ಲಿ, ರಕ್ತನಿಧಿಯಲ್ಲಿ, ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಇವೆ. ಒಳ್ಳೆಯ ಕೆಲಸಕ್ಕೆಂದೇ ಇವೆ. ಅಂಥ ಬಾಂಬಿನ ಸ್ಫೋಟದಿಂದ ಸಾಯುವವರು ಬಹಳ ಮಂದಿ ಇರಲಾರರು ಎಂದು ತಜ್ಞರು ಹೇಳುತ್ತಾರೆ, ನಾನು ನಂಬುತ್ತೇನೆ. ಆದರೆ ಊರಿನ ನಡುವಣ ಹತ್ತು ಬೀದಿಗಳಿಗೆ ವರ್ಷಗಟ್ಟಲೆ ಬೀಗ ಬೀಳಬಹುದು. 1995ರ ನವೆಂಬರ್‌ನಲ್ಲಿ ಚೆಚೆನ್ ಬಂಡುಕೋರರು ಮಾಸ್ಕೋದ ಇಜ್ಮೈಲೊವ್ಸ್ಕಿ ಉದ್ಯಾನದಲ್ಲಿ ಸೀಸಿಯಂ ಇದ್ದ ಪೊಟ್ಟಣವೊಂದನ್ನು ಇಟ್ಟು, ಟೀವಿಯವರಿಗೆ ಜಾಗ ಹೇಳಿದರು. ಏನೂ ಸಿಡಿಯಲಿಲ್ಲ. ಸಿಡಿಸಬೇಕಾಗಿಯೂ ಇರಲಿಲ್ಲ.

ಭಯೋತ್ಪಾದಕನೇ ಇಲ್ಲದೆ ನಗರವೊಂದು ಏನಾಗಬಹುದು ಎಂಬುದಕ್ಕೆ ಬ್ರೆಜಿಲ್‌ನ ಗೊಯಾನಿಯಾ ಸಾಕ್ಷಿ. 1987ರ ಸೆಪ್ಟೆಂಬರ್‌ನಲ್ಲಿ, ಸ್ಥಳಾಂತರಗೊಂಡ ಕ್ಲಿನಿಕ್ಕೊಂದರ ಪಾಳು ಕಟ್ಟಡದಿಂದ ಇಬ್ಬರು ಹಳೆಯ ಟೆಲಿಥೆರಪಿ ಯಂತ್ರದ ತಲೆಭಾಗವನ್ನು ಬಿಚ್ಚಿ ಒಯ್ದರು. ಅದು ಗುಜರಿ ಅಂಗಡಿ ಸೇರಿತು. ಒಳಗಿದ್ದ ಸೀಸಿಯಂ ಕ್ಲೋರೈಡ್ ನೂರು ಗ್ರಾಂಗೂ ಕಡಿಮೆ. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಆ ಪುಡಿಯನ್ನು ಮನೆಮಂದಿ, ನೆಂಟರು, ನೆರೆಯವರು ಹಂಚಿಕೊಂಡರು, ಮಕ್ಕಳು ಮೈಗೆ ಬಳಿದುಕೊಂಡರು. ನಾಲ್ವರು ಸತ್ತರು, ಅವರಲ್ಲಿ ಒಬ್ಬಳು ಆರು ವರ್ಷದ ಹುಡುಗಿ. ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಊರಿನ ಕ್ರೀಡಾಂಗಣಕ್ಕೆ ಕರೆಸಿ ತಪಾಸಣೆ ಮಾಡಬೇಕಾಯಿತು. ಮನೆಗಳನ್ನು ಕೆಡವಿದರು, ಮಣ್ಣನ್ನು ಅಗೆದು ಸಾಗಿಸಿದರು.

ನಮ್ಮ ಗೊಯಾನಿಯಾ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಕಾಲು ಶತಮಾನದಿಂದ ಬಳಸದೆ ಬಿದ್ದಿದ್ದ ಗಾಮಾ ಯಂತ್ರವೊಂದು ಹರಾಜಿಗೆ ಹೋಯಿತು. ಗುಜರಿಯವರಿಗೆ ಅದು ಒಳ್ಳೆಯ ಸೀಸ, ಒಳ್ಳೆಯ ಉಕ್ಕು. ಒಡೆದರು. ಕೋಬಾಲ್ಟ್ ಹೊರಬಿತ್ತು. ಏಪ್ರಿಲ್ ಕೊನೆಯಲ್ಲಿ ಒಬ್ಬ ಕೂಲಿಕಾರ ಸತ್ತ, ಇನ್ನೂ ಹಲವರು ಚರ್ಮ ಸುಟ್ಟು, ಕೂದಲು ಉದುರಿ ಆಸ್ಪತ್ರೆಯಲ್ಲಿ ಮಲಗಿದರು. ಕಾಯಿಲೆ ಏನೆಂದು ವೈದ್ಯರಿಗೆ ಹೊಳೆದ ಮೇಲೆಯೇ ಆ ಗಲ್ಲಿಗೆ ವಿಕಿರಣ ಅಳೆಯುವ ಉಪಕರಣ ಬಂದದ್ದು. ಅಲ್ಲಿಯವರೆಗೆ ಗಲ್ಲಿಯಲ್ಲಿ ವ್ಯಾಪಾರ ನಡೆದೇ ಇತ್ತು.

ಇಲ್ಲಿ ಕಾನೂನು ಇರಲಿಲ್ಲವೇ? ಇತ್ತು. ವಿಕಿರಣ ಸಂರಕ್ಷಣಾ ನಿಯಮಗಳು 2004ರಿಂದ ಜಾರಿಯಲ್ಲಿದ್ದವು. ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಿಂದ ಕೆಲಸ ಮಾಡುತ್ತಿತ್ತು. ಭಯೋತ್ಪಾದನೆಯ ಕಾಯ್ದೆಗಳಂತೂ ಇದ್ದೇ ಇದ್ದವು. ಯಂತ್ರ ನಿಯಮಗಳಿಗಿಂತ ಹಳೆಯದು. ತಂದವರು, ಬಳಸಿದವರು ನಿವೃತ್ತರಾದರು. ಕೊನೆಗೆ ಅದು ಹಳೆಯ ಕಬ್ಬಿಣದ ಪಟ್ಟಿಯಲ್ಲಿ ಒಂದು ಸಾಲಾಯಿತು. ಆ ಯಂತ್ರವನ್ನು ಕೊಂಡವನು ಬಡ ಗುಜರಿ ವ್ಯಾಪಾರಿ ಆಗಿರದೆ, ಅದರೊಳಗೆ ಏನಿದೆ ಎಂದು ಬಲ್ಲ ದುಷ್ಟನಾಗಿದ್ದರೆ? ಅವನು ಕದಿಯಬೇಕಾಗಿರಲಿಲ್ಲ. ಹರಾಜಿನಲ್ಲಿ ಕೂಗಿ, ರಸೀದಿ ಪಡೆದು ಒಯ್ಯಬಹುದಿತ್ತು.

ನಗರಗಳ ಹೆಸರು ಹೇಳಿಯೇ ಯೋಜನೆ ಮಾಡಿದ್ದು ಅಮೆರಿಕ. 2001ರ ದಾಳಿಯ ನಂತರ, 2005ರಲ್ಲಿ ಅಲ್ಲಿನ ಆಂತರಿಕ ಭದ್ರತಾ ಇಲಾಖೆಯಲ್ಲಿ ಅಣುವಸ್ತು ಪತ್ತೆಗೆಂದೇ ಒಂದು ಕಚೇರಿ ಹುಟ್ಟಿತು. ಮುಂದಿನ ವರ್ಷ ನ್ಯೂಯಾರ್ಕ್‌ಗೆಂದು ‘ಸೆಕ್ಯೂರಿಂಗ್ ದ ಸಿಟೀಸ್’ ಎಂಬ ಯೋಜನೆಯನ್ನು ರೂಪಿಸಿದರು. ಅದರ ತಿರುಳು ಸರಳ: ವಿಕಿರಣ ಪತ್ತೆ ಎಂಬುದು ಕೇಂದ್ರ ಸರ್ಕಾರದ ತಜ್ಞರ ಕೆಲಸ ಮಾತ್ರವಲ್ಲ, ಬೀದಿಯ ಪೊಲೀಸನದೂ ಹೌದು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪತ್ತೆ ಯಂತ್ರ, ವಾಹನದಲ್ಲಿ, ದೋಣಿಯಲ್ಲಿ ಇಡುವ ಯಂತ್ರ, ಜೊತೆಗೆ ತರಬೇತಿ, ಅಕ್ಕಪಕ್ಕದ ರಾಜ್ಯಗಳ ಪೊಲೀಸರೊಂದಿಗೆ ಒಂದೇ ಕಾರ್ಯವಿಧಾನ. ತರಬೇತಿ ಇಲ್ಲದಿದ್ದರೆ ಈ ಯಂತ್ರ ಪೀಡೆಯೇ ಸರಿ. ಥೈರಾಯ್ಡ್‌ಗೆ ಅಯೋಡಿನ್ ಚಿಕಿತ್ಸೆ ಪಡೆದು ಮನೆಗೆ ಹೊರಟ ರೋಗಿ ಎದುರಾದರೂ ಅದು ಕೂಗುತ್ತದೆ, ಸೆರಾಮಿಕ್ ಟೈಲ್ಸ್ ತುಂಬಿದ ಲಾರಿಗೂ ಕೂಗುತ್ತದೆ. ಯಾವ ಕೂಗಿಗೆ ಓಡಬೇಕು, ಯಾವುದಕ್ಕೆ ನಕ್ಕು ಕಳಿಸಬೇಕು ಎಂದು ಕಲಿಸುವುದಕ್ಕೇ ಅಲ್ಲಿ ವರ್ಷಗಳು ಹಿಡಿದವು. ಆಮೇಲೆ ಲಾಸ್ ಏಂಜಲೀಸ್, ವಾಷಿಂಗ್ಟನ್, ಹ್ಯೂಸ್ಟನ್, ಶಿಕಾಗೊ ಸೇರಿಕೊಂಡವು.

ವಿಚಿತ್ರವೆಂದರೆ, ಇದಕ್ಕೊಂದು ಗಟ್ಟಿ ಶಾಸನದ ಆಧಾರ ಸಿಕ್ಕಿದ್ದು 2018ರ ಡಿಸೆಂಬರ್‌ನಲ್ಲಿ. ಹನ್ನೆರಡು ವರ್ಷ ಅದು ವರ್ಷವರ್ಷದ ಅನುದಾನದ ದಯೆಯಲ್ಲಿ ನಡೆದಿತ್ತು. ಕಾಯ್ದೆ ಬಂದ ಮರುವರ್ಷ ಅಮೆರಿಕದ ಸಂಸತ್ತಿನ ಲೆಕ್ಕ ಪರಿಶೋಧನಾ ಸಂಸ್ಥೆ, ನಗರಗಳು ಈ ಹಣವನ್ನು ಯಾವುದಕ್ಕೆ ಖರ್ಚು ಮಾಡಿದವು ಎಂಬ ವಿವರವೇ ಇಲಾಖೆಯ ಬಳಿ ಸರಿಯಾಗಿ ಇಲ್ಲ, ಅನುದಾನ ನಿಂತ ಮೇಲೆ ಯಂತ್ರಗಳನ್ನು ಯಾರು ಸಾಕುತ್ತಾರೆ ಎಂಬುದೂ ಖಚಿತವಿಲ್ಲ ಎಂದು ವರದಿ ಕೊಟ್ಟಿತು. ನಮ್ಮ ಲೆಕ್ಕಪತ್ರಗಳನ್ನು ಓದಿದವರಿಗೆ ಇದು ಹೊಸದಲ್ಲ.

ಅದೇ ಸಂಸ್ಥೆ 2007ರಲ್ಲಿ ಮಾಡಿದ ಕೆಲಸವನ್ನು ನಾನು ಇನ್ನೂ ದೊಡ್ಡದೆಂದು ಎಣಿಸುತ್ತೇನೆ. ಅದರ ತನಿಖಾಧಿಕಾರಿಗಳು ಇಲ್ಲದ ಕಂಪನಿಯೊಂದನ್ನು ಕಾಗದದ ಮೇಲೆ ಹುಟ್ಟಿಸಿ, ವಿಕಿರಣಶೀಲ ವಸ್ತು ಇಟ್ಟುಕೊಳ್ಳಲು ಪರವಾನಗಿಗೆ ಅರ್ಜಿ ಹಾಕಿದರು. ಪರವಾನಗಿ ಇಪ್ಪತ್ತೆಂಟು ದಿನಗಳಲ್ಲಿ ಅಂಚೆಯಲ್ಲಿ ಬಂತು. ಯಾರೂ ಜಾಗ ನೋಡಲು ಬರಲಿಲ್ಲ. ನೋಡಲು ಜಾಗವೂ ಇರಲಿಲ್ಲ. ಆ ಪರವಾನಗಿಯನ್ನು ತಿದ್ದಿ, ಮಾರಾಟಗಾರರಿಂದ ಬೇಕಾದಷ್ಟು ಮಾಲಿಗೆ ಒಪ್ಪಿಗೆಯನ್ನೂ ಪಡೆದರು. ಕೆಲವು ವರ್ಷಗಳ ನಂತರ ಮೂರು ಕಡೆ ಮತ್ತೆ ಇದೇ ಪರೀಕ್ಷೆ ನಡೆಸಿದಾಗ ಒಂದು ಕಡೆ ಗೆದ್ದರು, ಅಧಿಕಾರಿಗಳು ಕೆದಕಿ ಕೇಳಿದ ಎರಡು ಕಡೆ ಸೋತರು. ಬೀದಿಯ ಮೇಲೆ ಕೋಟಿಗಟ್ಟಲೆ ಡಾಲರಿನ ಯಂತ್ರಗಳು, ಇತ್ತ ಗುಮಾಸ್ತೆಯ ಮೇಜಿನ ಮೇಲೆ ತೆರೆದ ಬಾಗಿಲು. ಪತ್ತೆ ಯಂತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಮೆಕ್ಸಿಕೋದ ಹುವಾರೆಸ್ ನಗರದಲ್ಲಿ ಗುಜರಿಗೆ ಬಿದ್ದ ಕೋಬಾಲ್ಟ್ ಕಬ್ಬಿಣದ ಸರಳುಗಳಲ್ಲಿ ಕರಗಿ ಸೇರಿಹೋಗಿದ್ದು ಬಯಲಾದದ್ದೇ, 1984ರಲ್ಲಿ ಸರಳು ತುಂಬಿದ ಲಾರಿಯೊಂದು ಲಾಸ್ ಅಲಮೋಸ್ ಪ್ರಯೋಗಾಲಯದ ಪತ್ತೆ ಯಂತ್ರದ ಮುಂದೆ ಆಕಸ್ಮಿಕವಾಗಿ ಹಾದುಹೋದದ್ದರಿಂದ. ಲಾರಿ ಬೇರೆ ದಾರಿ ಹಿಡಿದಿದ್ದರೆ? ಯಂತ್ರ ಕೊನೆಯ ಬೇಲಿ. ಮೊದಲ ಬೇಲಿ ದಾಸ್ತಾನು ಪುಸ್ತಕ.

ಒಳಗಿನವರ ಮಾತನ್ನೂ ಮರೆಯಬಾರದು. 2009ರ ನವೆಂಬರ್‌ನಲ್ಲಿ ನಮ್ಮ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರ್‌ಗೆ ಟ್ರೀಟಿಯಂ ಇದ್ದ ಭಾರಜಲ ಬೆರೆಸಿದ್ದು, ಬೇಲಿ ಹಾರಿ ಬಂದವರಲ್ಲ, ಒಳಗಿನ ಯಾರೋ ಎಂಬುದು ಅಧಿಕಾರಿಗಳ ನಿಲುವಾಗಿತ್ತು. ಹೊರಗೆ ಮುಖ ಮಾಡಿದ ಕಾವಲಿಗೆ ಇದು ಕಾಣಿಸುವುದಿಲ್ಲ.

ಕಾನೂನು ಮಾಡಬಹುದಾದ ಇನ್ನೊಂದು ಕೆಲಸವಿದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ವಸ್ತುವನ್ನು ಕಾಯುವುದಕ್ಕಿಂತ, ಸಾಧ್ಯವಾದಲ್ಲಿ ಅದನ್ನು ಇಲ್ಲವಾಗಿಸುವುದು. ರಕ್ತನಿಧಿಯಲ್ಲಿ ಸೀಸಿಯಂ ಮಾಡುವ ಕೆಲಸವನ್ನು ಎಕ್ಸ್-ರೇ ಯಂತ್ರ ಮಾಡಬಲ್ಲದು; ಸ್ವಿಚ್ ಆರಿಸಿದರೆ ಅದರಲ್ಲಿ ಕದಿಯಲು ಏನೂ ಉಳಿಯುವುದಿಲ್ಲ. ಅಮೆರಿಕದ ಸಂಸತ್ತು 2018ರ ರಕ್ಷಣಾ ಕಾಯ್ದೆಯಲ್ಲಿ, ರಕ್ತಕ್ಕೆ ಬಳಸುವ ಸೀಸಿಯಂ ಕ್ಲೋರೈಡ್ ಯಂತ್ರಗಳನ್ನು 2027ರ ಕೊನೆಯೊಳಗೆ ತೆಗೆದುಹಾಕುವ ಗುರಿ ಇಟ್ಟಿತು. ಒತ್ತಾಯವಿಲ್ಲ, ಬದಲಿ ಯಂತ್ರಕ್ಕೆ ಸರ್ಕಾರದ ನೆರವಿದೆ. ತೆಗೆಯುವ ಕೆಲಸವೂ ಸುಲಭದ್ದಲ್ಲ. 2019ರಲ್ಲಿ ಸಿಯಾಟಲ್‌ನಲ್ಲಿ ಅಂಥ ಯಂತ್ರವೊಂದನ್ನು ಸಾಗಿಸಲು ಸಿದ್ಧಗೊಳಿಸುವಾಗ ಸೀಸಿಯಂ ಸೋರಿ, ಹದಿಮೂರು ಜನರಿಗೆ ತಗುಲಿ, ಕಟ್ಟಡವನ್ನೇ ಮುಚ್ಚಬೇಕಾಯಿತು. ಆದರೂ ಗುರಿ ಸರಿಯಾದದ್ದು. ಮತ್ತೆ ಯುರೋಪಿನ ಒಕ್ಕೂಟ 2003ರಲ್ಲಿಯೇ ಒಂದು ನಿಯಮ ಮಾಡಿತ್ತು: ಪ್ರಬಲ ವಿಕಿರಣ ಮೂಲವನ್ನು ಕೊಳ್ಳುವ ಮುನ್ನವೇ, ಅದರ ವಿಲೇವಾರಿಯ ಖರ್ಚಿಗೆ ವ್ಯವಸ್ಥೆ ಆಗಿರಬೇಕು. ಸಂಸ್ಥೆ ದಿವಾಳಿಯಾದರೂ ಆ ಹಣ ಸಿಗಬೇಕು. ಕೊಳ್ಳುವಾಗ ಎಲ್ಲರ ಬಳಿಯೂ ಅನುದಾನ ಇರುತ್ತದೆ, ಬಿಸಾಡುವಾಗ ಯಾರ ಬಳಿಯೂ ಇರುವುದಿಲ್ಲ. ಮೂಲೆಯಲ್ಲಿ ಮುಚ್ಚಿಟ್ಟ ಯಂತ್ರಗಳ ಹಿಂದಿನ ನಿಜವಾದ ಕಾರಣ ಬಹುಮಟ್ಟಿಗೆ ಇಷ್ಟೇ.

ಆದ್ದರಿಂದ ಈ ಸಮ್ಮೇಳನದ ಮುಂದೆ ಮೂರು ಬೇಡಿಕೆ ಇಡುತ್ತೇನೆ. ಬಳಕೆ ನಿಂತ ವಿಕಿರಣ ಮೂಲ ಯಾವ ಸಂಸ್ಥೆಯಲ್ಲಿದ್ದರೂ, ಎಷ್ಟೇ ಹಳೆಯದಾದರೂ, ಒಂದು ಬಾರಿಗೆ ದಂಡವಿಲ್ಲದೆ ಘೋಷಿಸಿಕೊಳ್ಳುವ ಅವಕಾಶ ಬೇಕು, ಹೆದರಿಸಿದರೆ ಮುಚ್ಚಿಡುತ್ತಾರೆ. ಹೊಸದಾಗಿ ಕೊಳ್ಳುವಾಗಲೇ ವಿಲೇವಾರಿ ಠೇವಣಿ ಕಡ್ಡಾಯವಾಗಬೇಕು. ಮಹಾನಗರಗಳ ಗುಜರಿ ಮಾರುಕಟ್ಟೆಗಳ ಬಾಗಿಲಲ್ಲಿ ಪತ್ತೆ ಯಂತ್ರ, ಆ ಯಂತ್ರ ಕೂಗಿದಾಗ ವ್ಯಾಪಾರಿಗೆ ಶಿಕ್ಷೆಯಲ್ಲ, ಬಹುಮಾನ ಬೇಕು. ಮೂರನೆಯದಕ್ಕೆ ಪೊಲೀಸ್ ಮಿತ್ರರು ಹುಬ್ಬೇರಿಸುತ್ತಿರುವುದು ಇಲ್ಲಿಂದಲೇ ಕಾಣುತ್ತಿದೆ. ಕರಡು ನಿಮ್ಮ ಕೈಚೀಲದಲ್ಲಿದೆ. ತಿದ್ದುಪಡಿಗಳಿದ್ದರೆ ಎರಡನೆಯ ಗೋಷ್ಠಿ ಶುರುವಾಗುವ ಮೊದಲು ಕಾರ್ಯದರ್ಶಿಗಳಿಗೆ ಬರೆದುಕೊಡಿ. ಬಹುಮಾನದ ಮೊತ್ತದ ಬಗ್ಗೆ ಮಾತ್ರ ನಾನು ಚೌಕಾಸಿಗೆ ಸಿದ್ಧ.