ನೆರೆಯ ಚಿತ್ರ ಸುದ್ದಿಯಾಗುವ ಬಗೆ

2019ರ ಜುಲೈ 31ರಂದು ಗುಜರಾತಿನ ವಡೋದರಾದಲ್ಲಿ ಒಂದೇ ದಿನಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಸುರಿಯಿತು. ಊರ ನಡುವೆ ಹರಿಯುವ ವಿಶ್ವಾಮಿತ್ರಿ ನದಿ ಉಕ್ಕಿ ಮನೆಗಳಿಗೆ ನುಗ್ಗಿತು. ದೇವಿಪುರ ಎಂಬಲ್ಲಿ ಸಿಕ್ಕಿಬಿದ್ದವರಲ್ಲಿ ಒಂದು ಹಸುಗೂಸೂ ಇತ್ತು. ಸಬ್ ಇನ್‌ಸ್ಪೆಕ್ಟರ್ ಗೋವಿಂದ ಚಾವ್ಡಾ ಅದನ್ನು ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ಕತ್ತಿನಮಟ್ಟದ ನೀರಿನಲ್ಲಿ ನಡೆದು ದಾಟಿಸಿದರು. ಹಿರಿಯ ಪೊಲೀಸ್ ಅಧಿಕಾರಿ ಶಂಶೇರ್ ಸಿಂಗ್ ಆ ಚಿತ್ರಗಳನ್ನು ಟ್ವಿಟರ್‌ಗೆ ಹಾಕಿದರು. ದೇಶದ ಪತ್ರಿಕೆ, ಟಿ.ವಿ.ಗಳು ಎತ್ತಿಕೊಂಡವು. ಅನೇಕರಿಗೆ ಯಮುನೆ ದಾಟಿದ ವಸುದೇವನೇ ಕಣ್ಮುಂದೆ ಬಂದ.

ಚಿತ್ರ ಮನಮುಟ್ಟುವಂಥದ್ದು, ನಿಜ. ಆದರೆ ಅದು ಬೇಗ ಸುದ್ದಿಯಾದದ್ದಕ್ಕೆ ಜೊತೆಗಿದ್ದ ನಾಲ್ಕು ಮಾತೂ ಕಾರಣ. ಯಾರು, ಯಾವ ಹುದ್ದೆ, ಯಾವ ಬಡಾವಣೆ ಎಂಬುದೆಲ್ಲ ಅಲ್ಲೇ ಇತ್ತು. ಬರೆದವರೂ ಗುರುತಿರುವ ಅಧಿಕಾರಿ. ಮಳೆಯ ದಿನ ವರದಿಗಾರರ ಮೊಬೈಲಿಗೆ ವಿಡಿಯೊಗಳು ಒಂದರ ಮೇಲೊಂದು ಬಂದು ಬೀಳುತ್ತವೆ. ಎಲ್ಲಿಯದು, ಎಂದಿನದು ಎಂದು ತಿಳಿಯದ್ದು ಬದಿಗೆ ಸರಿಯುತ್ತದೆ. ಹಿಂದಿನ ನೆರೆಯ ದೃಶ್ಯ ಹೊಸ ಮಳೆಯಲ್ಲಿ ಮತ್ತೆ ತೇಲಿಬರುವುದು ಅವರಿಗೆ ಚೆನ್ನಾಗಿ ಗೊತ್ತು.

ಆದ್ದರಿಂದ ನೆರೆಯ ಚಿತ್ರ ಕಳಿಸುವಾಗ ಅಂಗಡಿಯ ಬೋರ್ಡೋ ಬೀದಿಯ ತಿರುವೋ ಚಿತ್ರದಲ್ಲೇ ಕಾಣಬೇಕು. ದಿನ, ಗಂಟೆ ಬರೆದಿರಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಾಗಿ ಕಳಿಸಿದ ಫೋಟೊದಿಂದ ತೆಗೆದ ಹೊತ್ತು, ಜಾಗದ ಗುರುತು ಅಳಿಸಿಹೋಗುತ್ತದೆ; ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಹತ್ತು ಪತ್ರಿಕೆಗಳನ್ನು ಒಟ್ಟಿಗೆ ಟ್ಯಾಗ್ ಮಾಡುವುದಕ್ಕಿಂತ, ಸಂದೇಶ್, ದಿವ್ಯ ಭಾಸ್ಕರ್‌ನಂಥ ಗುಜರಾತಿ ಪತ್ರಿಕೆಗಳ ಸ್ಥಳೀಯ ಆವೃತ್ತಿಯಲ್ಲಿ ನಗರಪಾಲಿಕೆಯ ಸುದ್ದಿ ಬರೆಯುವ ಒಬ್ಬರಿಗೆ ನೇರವಾಗಿ ತಿಳಿಸುವುದು ಲೇಸು.

2024ರ ಆಗಸ್ಟ್ ನೆರೆಯಲ್ಲಿ ವಡೋದರಾದ ಅಕೋಟಾ ಸ್ಟೇಡಿಯಂ ಬಳಿ ಮನೆಯ ಚಾವಣಿ ಏರಿದ ಮೊಸಳೆಯ ವಿಡಿಯೊ ದೇಶವೆಲ್ಲ ಹರಿದಾಡಿತು. ಪತ್ರಕರ್ತರು ಅದರ ಬೆನ್ನುಹತ್ತಿ ಅರಣ್ಯ ಇಲಾಖೆಯನ್ನು ಕೇಳಿದಾಗ, ಮೂರು ದಿನಗಳಲ್ಲಿ ಜನವಸತಿಯಿಂದ 24 ಮೊಸಳೆ ಹಿಡಿದದ್ದೂ, ವಿಶ್ವಾಮಿತ್ರಿಯಲ್ಲಿ 400ಕ್ಕೂ ಹೆಚ್ಚು ಇರುವುದೂ ಹೊರಬಂತು. ಅದೇ ನೆರೆಯಲ್ಲಿ ಸಿಲುಕಿದ್ದ ಕ್ರಿಕೆಟ್ ಆಟಗಾರ್ತಿ ರಾಧಾ ಯಾದವ್ ತಮ್ಮನ್ನು ರಕ್ಷಿಸಿದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಎನ್‌ಡಿಆರ್‌ಎಫ್‌ಗೆ ಇನ್‌ಸ್ಟಾಗ್ರಾಂನಲ್ಲಿ ವಂದನೆ ತಿಳಿಸಿದ್ದೂ ಕೂಡಲೇ ಸುದ್ದಿಯಾಯಿತು. ಹೆಸರಾದವರ ಖಾತೆಯ ಮೇಲೆ ಪತ್ರಕರ್ತರ ಕಣ್ಣು ಮೊದಲೇ ಇರುತ್ತದೆ. ಓಣಿಯ ಮನೆಯವರಿಗೆ ಆ ಅನುಕೂಲವಿಲ್ಲ. ನೆರವು ಕೋರಿ ಹಾಕಿದ ಸಂದೇಶದಲ್ಲಿ ವಿಳಾಸ, ಫೋನ್ ನಂಬರು ಸ್ಪಷ್ಟವಾಗಿದ್ದರಷ್ಟೇ ಅವರ ಕೂಗು ಕೇಳಿಸೀತು.

ಆ ನಂಬರನ್ನು, ಮನೆಯವರು ಪಾರಾದ ಕೂಡಲೇ ಅಳಿಸಬೇಕು. ಇಲ್ಲವಾದರೆ ದೋಣಿ ಖಾಲಿ ಮನೆಯ ಬಾಗಿಲಿಗೆ ಹೋಗುತ್ತದೆ. ಪಕ್ಕದ ಬೀದಿಯ ಅಜ್ಜಿ ಮಹಡಿಯ ಮೇಲೆ ಕಾಯುತ್ತಲೇ ಇರುತ್ತಾಳೆ.