ಅಟ್ಟದ ಮೇಲಿನ ಪ್ಲೇಟುಗಳು



ಬ್ರಹ್ಮಾವರದಿಂದ ಒಳನಾಡಿನತ್ತ ಹೊರಟರೆ ಸೀತಾನದಿಯ ದಂಡೆಯಲ್ಲಿ ಸಿಗುವ ಕೊಕ್ಕರ್ಣೆ ನನ್ನ ಊರು. ಅಲ್ಲಿ ಗದ್ದೆಯಿದೆ, ತೋಟವಿದೆ, ಹತ್ತಿರದಲ್ಲೇ ಮಂದಾರ್ತಿಯ ಮೇಳವಿದೆ ಎಂದರೆ ಯಾರಿಗೂ ಆಶ್ಚರ್ಯವಾಗದು. ಅದೇ ಊರಿನ ಅಟ್ಟಗಳ ಮೇಲೆ ಅಮೆರಿಕದ, ಇಂಗ್ಲೆಂಡಿನ ರಾಕ್ ಮತ್ತು ಸೋಲ್ ಸಂಗೀತದ ಪ್ಲೇಟುಗಳೂ ಇವೆ ಎಂದರೆ ಮಾತ್ರ ಹೆಚ್ಚಿನವರು ನಕ್ಕುಬಿಡುತ್ತಾರೆ. ನಾನು ಶಾಲಾ ಮಾಸ್ತರನಾಗಿದ್ದ ಕಾಲದಿಂದ ಈ ಪ್ಲೇಟುಗಳನ್ನು ಹುಡುಕಿ, ತೊಳೆದು, ಕೇಳಿ, ಇಟ್ಟುಕೊಳ್ಳುತ್ತ ಬಂದವನು. ಇಂದಿನ ಮಾತು ಅವುಗಳ ಕುರಿತು.

ಗ್ರಂಥಭಾಷೆಯಲ್ಲಿ ಧ್ವನಿಮುದ್ರಿಕೆ ಎನ್ನುತ್ತಾರೆ, ಪತ್ರಿಕೆಯವರು ಗಾನತಟ್ಟೆ ಎಂದು ಬರೆದದ್ದೂ ಉಂಟು. ನಮ್ಮಲ್ಲಿ ಅದು ಪ್ಲೇಟು. ನಾನೂ ಹಾಗೆಯೇ ಕರೆಯುತ್ತೇನೆ.

ಈಗ ಪರದೆಯ ಮೇಲೆ ಕಾಣುತ್ತಿರುವ ಈ ಕಪ್ಪು ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುವಂಥದ್ದು. ಕೈಗೆತ್ತಿಕೊಂಡರೆ ಭಾರ, ಕೆಳಗೆ ಬಿದ್ದರೆ ಹೆಂಚಿನಂತೆ ಚೂರು. ಒಂದು ಮುಖದಲ್ಲಿ ಮೂರು ಮೂರೂವರೆ ನಿಮಿಷದ ಹಾಡು, ಅಷ್ಟೇ. ಇದು ಪ್ಲಾಸ್ಟಿಕ್ ಅಲ್ಲ. ಕಲ್ಲಿನ ಪುಡಿಯಂಥ ವಸ್ತುಗಳನ್ನು ಅರಗಿನಲ್ಲಿ ಕಲಸಿ, ಬಿಸಿಯಲ್ಲಿ ಅಚ್ಚೊತ್ತಿದ್ದು. ಪಾಂಡವರನ್ನು ಸುಡಲು ದುರ್ಯೋಧನ ಮನೆ ಕಟ್ಟಿಸಿದನಲ್ಲ, ಅದೇ ಅರಗು. ಆ ಅರಗು ಬಹುಪಾಲು ಬೆಳೆಯುತ್ತಿದ್ದುದು ನಮ್ಮ ದೇಶದ ಕಾಡುಗಳಲ್ಲಿ. ನ್ಯೂಯಾರ್ಕಿನಲ್ಲಿ ಒಬ್ಬ ನೀಗ್ರೋ ಗಾಯಕ ಹಾಡಿದ ಬ್ಲೂಸ್ ಹಾಡೂ ಭಾರತದ ಹುಳುವಿನ ಅರಗಿನ ಮೇಲೆಯೇ ಅಚ್ಚಾಗುತ್ತಿತ್ತು ಎಂದು ನೆನೆದಾಗ ಈ ಸಂಗೀತ ಪರದೇಶದ್ದು ಎಂಬ ಭಾವನೆ ಸ್ವಲ್ಪ ಸಡಿಲಾಗುತ್ತದೆ. 1942ರಲ್ಲಿ, ಮಹಾಯುದ್ಧದಿಂದ ಏಷ್ಯದ ಹಡಗುಗಳು ತಡೆದುಹೋದಾಗ, ಅಮೆರಿಕದ ಸರ್ಕಾರ ಪ್ಲೇಟುಗಳಿಗೆ ಅರಗು ಬಳಸುವುದನ್ನು ತೀವ್ರವಾಗಿ ಕಡಿತಗೊಳಿಸಿತು. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಕಡೆಗೆ ಅಲ್ಲಿನವರು ಹೊರಳಿದ್ದಕ್ಕೆ ಇದೂ ಒಂದು ಕಾರಣ. 1948ರಲ್ಲಿ ನಿಮಿಷಕ್ಕೆ 33⅓ ಸುತ್ತಿನ ಎಲ್‌ಪಿ ಬಂತು, ಮರುವರ್ಷ 45 ಸುತ್ತಿನ ಚಿಕ್ಕ ಪ್ಲೇಟು.

ಭಾರತದಲ್ಲಿ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಪ್ಲೇಟುಗಳ ಕಾಲಕ್ಕೆ. 1908ರಲ್ಲಿ ಅದೇ ಊರಿನ ಸಿಯಾಲ್ದಾದಲ್ಲಿ ಕಾರ್ಖಾನೆಯಾಯಿತು, ಮುಂದೆ 1928ರಲ್ಲಿ ಡಮ್‌ಡಮ್‌ಗೆ ಹೋಯಿತು. ಈ ಡಮ್‌ಡಮ್ ಎಂಬ ಹೆಸರನ್ನು ಇಂದು ಲಂಡನ್ನಿನ, ಟೋಕಿಯೋದ ಸಂಗ್ರಾಹಕರೂ ಬಲ್ಲರು. ಅದಕ್ಕೊಂದು ವಿಚಿತ್ರ ಕಾರಣವಿದೆ. ಇಂಗ್ಲೆಂಡಿನಲ್ಲಿ 78 ಸುತ್ತಿನ ಪ್ಲೇಟು 1960ರ ಹೊತ್ತಿಗೆ ನಿಂತೇಹೋಗಿತ್ತು. ನಮ್ಮಲ್ಲಿ ಹಳ್ಳಿಗಳಿಗೆ ವಿದ್ಯುತ್ತಿಲ್ಲ, ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನೇ ಗತಿ. ಹೀಗಾಗಿ 1963ರಿಂದ ಮುಂದಿನ ಎರಡು ಮೂರು ವರ್ಷ ಬೀಟಲ್ಸ್ ತಂಡದ ಹಾಡುಗಳೂ ಇಲ್ಲಿ 78 ಸುತ್ತಿನ ಪ್ಲೇಟುಗಳಾಗಿ ಅಚ್ಚಾದವು. ಬಡತನದ ಕಾರಣಕ್ಕೆ ಹುಟ್ಟಿದ ಆ ಪ್ಲೇಟುಗಳಿಗೆ ಇಂದು ಪರದೇಶಗಳಲ್ಲಿ ಬಹು ದೊಡ್ಡ ಬೆಲೆ. ನನ್ನ ಬಳಿ ಒಂದೂ ಇಲ್ಲ. ಸಿಕ್ಕಿದ್ದರೆ ಮಾರುತ್ತಲೂ ಇರಲಿಲ್ಲ.

ನಮ್ಮ ಕಡೆ ಪ್ಲೇಟುಗಳ ನಿಜವಾದ ಭಂಡಾರ ಶ್ರೀಮಂತರ ಮನೆಯಲ್ಲಿರಲಿಲ್ಲ, ಮೈಕ್ ಸೆಟ್ಟಿನವರ ಬಳಿ ಇತ್ತು. ಮದುವೆಯಿರಲಿ, ಜಾತ್ರೆಯಿರಲಿ, ಮರದ ಕೊಂಬೆಗೆ ಕಹಳೆಯಂಥ ಧ್ವನಿವರ್ಧಕ ಕಟ್ಟಿ ಬೆಳಗಿನಿಂದ ಪ್ಲೇಟು ಹಾಕುವುದು ಪದ್ಧತಿ. ಮೊದಲು ದೇವರ ನಾಮ, ಊಟದ ಹೊತ್ತಿಗೆ ಸಿನಿಮಾ ಹಾಡು. ಯಾವ ಮುಖದಲ್ಲಿ ಯಾವ ಹಾಡಿದೆ ಎಂಬುದು ಕತ್ತಲೆಯಲ್ಲೂ ತಿಳಿಯಲೆಂದು ಲೇಬಲ್ಲಿನ ಮೇಲೆ ಬಣ್ಣದಲ್ಲಿ ದಪ್ಪ ಸಂಖ್ಯೆ ಬರೆದಿರುತ್ತಿದ್ದರು. ಸಂಗ್ರಾಹಕರು ಇಂಥ ಗುರುತು ಕಂಡರೆ ಮೂಗು ಮುರಿಯುತ್ತಾರೆ. ನನಗೆ ಮಾತ್ರ ಆ ಸಂಖ್ಯೆ ಪ್ಲೇಟಿನ ಜಾತಕವಿದ್ದಂತೆ. ಎಷ್ಟು ಚಪ್ಪರದಡಿ ತಿರುಗಿ ಬಂದಿದೆಯೋ!

ಆ ಪೆಟ್ಟಿಗೆಗಳಲ್ಲಿ ಸಿಗುವ ಹೆಸರುಗಳಲ್ಲಿ ಪಿ. ಕಾಳಿಂಗರಾಯರದು ಮುಖ್ಯ. 1914ರಲ್ಲಿ ಆರೂರಿನಲ್ಲಿ ಹುಟ್ಟಿದ ರಾಯರು ನಮ್ಮ ಸೀಮೆಯವರೇ. ಹೆಸರಿನ ಮುಂದಿನ ‘ಪಿ’ ಪಾಂಡೇಶ್ವರದ್ದು. ಯಕ್ಷಗಾನದ ನೆಲದಿಂದ ಹೊರಟು, ನಾಟಕದ ರಂಗ ಹೊಕ್ಕು, ಜನಪದರ ಪದಗಳನ್ನೂ ಹೊಸ ಕವಿಗಳ ಗೀತೆಗಳನ್ನೂ ಮೋಹನಕುಮಾರಿ, ಸೋಹನಕುಮಾರಿಯರ ಜೊತೆಗೂಡಿ ಹಾಡಿ, ನಾವು ಇಂದು ಸುಗಮ ಸಂಗೀತ ಎನ್ನುವುದಕ್ಕೆ ದಾರಿ ಮಾಡಿದವರು. 1981ರಲ್ಲಿ ತೀರಿಕೊಂಡರು. ಅವರನ್ನು ಕೇಳುವಾಗಲೆಲ್ಲ ನನಗೆ ಅಮೆರಿಕದ ರೇ ಚಾರ್ಲ್ಸ್ ನೆನಪಾಗುತ್ತಾರೆ. ಹೋಲಿಕೆ ಅತಿಯಾಯಿತೆನ್ನಬೇಡಿ. ಕಣ್ಣಿಲ್ಲದ ಆ ಗಾಯಕ 1954ರಲ್ಲಿ ಮಾಡಿದ್ದೂ ಇಂಥದ್ದೇ ಕೆಲಸ. ಕಪ್ಪು ಜನರ ಇಗರ್ಜಿಯಲ್ಲಿ ದೇವರಿಗಾಗಿ ಹಾಡುತ್ತಿದ್ದ ಧಾಟಿಯನ್ನು ತಂದು ಮನುಷ್ಯರ ಪ್ರೀತಿಯ ಹಾಡಿಗೆ ತೊಡಿಸಿದರು. ಅಲ್ಲಿನ ಆಸ್ತಿಕರು ಬೈದರು, ಹುಡುಗರು ಕುಣಿದರು. ಸೋಲ್ ಸಂಗೀತದ ಮೊದಲ ಹೆಜ್ಜೆಗಳಲ್ಲಿ ಅದೊಂದು. ಒಬ್ಬ ಎತ್ತಿಕೊಡುವುದು, ಉಳಿದವರು ಒಪ್ಪಿಸಿಕೊಂಡು ಹೇಳುವುದು ಅದರ ಕ್ರಮ. ಶನಿವಾರದ ಭಜನೆಗೆ ಕುಳಿತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಪ್ಲೇಟುಗಳು ಇಲ್ಲಿಗೆ ಬಂದದ್ದು ಊರು ಬಿಟ್ಟವರ ಟ್ರಂಕುಗಳಲ್ಲಿ. ಕೆಲವರು ಮುಂಬಯಿಯ ಹೋಟೆಲುಗಳಲ್ಲಿ ದುಡಿದರು, ಕೆಲವರು ಹಡಗು ಹತ್ತಿದರು, ಮತ್ತೆ ಕೆಲವರು ಕೊಲ್ಲಿಯ ದೇಶಗಳಿಗೆ ಹೋದರು. ಅರವತ್ತು ಎಪ್ಪತ್ತರ ದಶಕಗಳಲ್ಲಿ ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆಗಳಿದ್ದವು. ರಾತ್ರಿಶಾಲೆಗೆ ಹೋಗುತ್ತಿದ್ದ ನಮ್ಮ ಹುಡುಗರ ಕಿವಿಗೂ ಅವು ಬಿದ್ದವು. ಕೆಲವರಿಗೆ ರುಚಿ ಹತ್ತಿತು.

ಈ ರುಚಿ ಕೇಳುವುದಕ್ಕೆ ಮಾತ್ರ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಮನೆಯ ಹುಡುಗ ಬಿದ್ದು ಅಪ್ಪಯ್ಯ ಅಲ್ಲಿಯೇ ‘ಟ್ರೋಜನ್ಸ್’ ಎಂಬ ತಂಡದಲ್ಲಿ ಹಾಡಿಕೊಂಡಿದ್ದವರು. ಮುಂದೆ ಇಂಗ್ಲೆಂಡಿಗೆ ಹೋಗಿ, 1974ರಲ್ಲಿ ಕಾರ್ಲ್ ಡಗ್ಲಸ್ ಎಂಬ ಜಮೈಕಾ ಮೂಲದ ಗಾಯಕನಿಂದ ‘ಕುಂಗ್ ಫೂ ಫೈಟಿಂಗ್’ ಹಾಡಿಸಿದರು. ಮೊದಲು ಅದನ್ನು ಪ್ಲೇಟಿನ ಹಿಂಬದಿಗೆ ತುಂಬಲು ಆತುರದಲ್ಲಿ ಮಾಡಿದ್ದು. ಆ ವರ್ಷವೇ ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಕನ್ನಡ ಚಿತ್ರಗೀತೆಯಲ್ಲೂ ಆ ಗಾಳಿ ಬೀಸಿದ್ದಕ್ಕೆ 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಸಾಕ್ಷಿ. ಜಿ.ಕೆ. ವೆಂಕಟೇಶ್ ಅವರ ಸಂಗೀತಕ್ಕೆ ಡಾ. ರಾಜಕುಮಾರ್ ಅದರಲ್ಲಿ ಇಂಗ್ಲಿಷಿನಲ್ಲೇ ಒಂದು ಹಾಡು ಹಾಡಿದ್ದಾರೆ. ಅದೇ ವರ್ಷ ‘ನಿತ್ಯೋತ್ಸವ’ ಕ್ಯಾಸೆಟ್ಟೂ ಬಂತು. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಕ್ಯಾಸೆಟ್ಟಿನ ಕಾಲ ಬಂದೇಬಿಟ್ಟಿತ್ತು. ಎಂಬತ್ತರ ದಶಕದಲ್ಲಿ ಗುಂಡ್ಮಿ ಕಾಳಿಂಗ ನಾವಡರ ಭಾಗವತಿಕೆ ಮನೆಮನೆ ಹೊಕ್ಕದ್ದೂ ಕ್ಯಾಸೆಟ್ಟಿನಲ್ಲಿಯೇ. ಪ್ಲೇಟುಗಳು ಅಟ್ಟ ಹತ್ತಿದವು.

ಕೆಲವು ವರ್ಷಗಳ ಹಿಂದೆ ನಮ್ಮೂರಿನಿಂದ ಸ್ವಲ್ಪ ದೂರದ ಒಂದು ಹೆಂಚಿನ ಮನೆಯನ್ನು ಕೆಡಹುವವರಿದ್ದರು. ಮಕ್ಕಳು ಮುಂಬಯಿಯಲ್ಲಿ, ಮನೆಯಲ್ಲಿ ವಯಸ್ಸಾದ ತಾಯಿ ಒಬ್ಬರೇ. ಅಟ್ಟದಿಂದ ಇಳಿಸಿದ ಪೆಟ್ಟಿಗೆಯನ್ನು ನೋಡಲು ನನಗೆ ಕರೆ ಬಂತು. ರಟ್ಟಿನ ಹೊದಿಕೆಗಳನ್ನು ಗೆದ್ದಲು ತಿಂದು ಮಣ್ಣು ಮಾಡಿತ್ತು. ಗೆದ್ದಲು ವಿನೈಲ್ ತಿನ್ನುವುದಿಲ್ಲ. ಪ್ಲೇಟುಗಳು ಹಾಗೆಯೇ ಇದ್ದವು.

“ಇದೆಲ್ಲ ಎಂತಕ್ಕೆ ಮಾಷ್ಟ್ರೆ, ಗುಜರಿಯವ ಬಂದ್ರೆ ಕೊಡುದೇ ಅಂದಿದ್ರ್ ಮಕ್ಕಳ್” ಎಂದರು ಆಕೆ. ಮತ್ತೆ ಸ್ವಲ್ಪ ತಡೆದು, “ಕೊಡುಕೆ ಮುಂಚೆ ಆ ಮರ್ಕುವವನ ಪ್ಲೇಟ್ ಒಂದ್ಸಲ ಹಾಕಿ, ಕೇಂಬ” ಎಂದರು.

ಮರ್ಕುವುದೆಂದರೆ ಕುಂದಾಪುರದ ಕಡೆಯ ಮಾತಿನಲ್ಲಿ ಅಳುವುದು. ಯಾರು ಆ ಅಳುವವನು? ಲೇಬಲ್ಲುಗಳನ್ನು ಒಂದೊಂದಾಗಿ ಒರಸಿ ತೋರಿಸಿದೆ. ಆಕೆಗೆ ಇಂಗ್ಲಿಷ್ ಓದಲು ಬಾರದು. ನಾನು ಕೊಂಡುಹೋಗಿದ್ದ ಸೂಟ್‌ಕೇಸಿನಂಥ ಪ್ಲೇಯರಿನಲ್ಲಿ ಹಾಕುತ್ತ ಹೋದೆ. ನಾಲ್ಕನೆಯದಕ್ಕೆ ಕೈ ಎತ್ತಿದರು. ಅದು ಓಟಿಸ್ ರೆಡ್ಡಿಂಗ್. ಬಂದರಿನ ಕಟ್ಟೆಯ ಮೇಲೆ ಕುಳಿತು ಹಡಗು ಬರುವುದು ಹೋಗುವುದನ್ನು ನೋಡುತ್ತ, ಮನೆ ಬಿಟ್ಟು ಬಹುದೂರ ಬಂದ ಮನುಷ್ಯನೊಬ್ಬ ಹಾಡುವ ಹಾಡು. ಆಕೆಯ ಯಜಮಾನರು ಹಡಗಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವರು. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದಾಗ ಚಾವಡಿಯಲ್ಲಿ ಕುಳಿತು ಇದನ್ನೇ ಹಾಕುತ್ತಿದ್ದರಂತೆ. ಹಾಡಿನ ಅರ್ಥವನ್ನು ಅವರು ಹೇಳಿರಲಿಲ್ಲ, ಈಕೆ ಕೇಳಿರಲೂ ಇಲ್ಲ. ನಾನು ಹೇಳಿದೆ. “ಹಂಗಾ?” ಎಂದಷ್ಟೇ ಅಂದರು. ಹಾಡಿನ ಕೊನೆಗೆ ಬರುವ ಸಿಳ್ಳೆ ಮುಗಿಯುವ ತನಕ ಕಣ್ಣು ಪ್ಲೇಟಿನ ಮೇಲೆಯೇ ಇತ್ತು. ಪೆಟ್ಟಿಗೆಯನ್ನೆಲ್ಲ ನನಗೆ ಕೊಟ್ಟರು, ಅದೊಂದನ್ನು ಕೊಡಲಿಲ್ಲ.

ರೆಡ್ಡಿಂಗ್ ಆ ಹಾಡನ್ನು ಮುದ್ರಿಸಿದ್ದು 1967ರ ಕೊನೆಯಲ್ಲಿ. ಆ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಆತನಿಗೆ 26 ವರ್ಷ. ಪ್ಲೇಟು ಹೊರಬಂದದ್ದು ಮರು ಜನವರಿಯಲ್ಲಿ.

ಇನ್ನು, ನಮ್ಮ ಮಳೆಯ ವಿಚಾರ. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಗಿಲಾಗಿ ಸುರಿಯುವ ನಾಡಿನಲ್ಲಿ ಪ್ಲೇಟು ಉಳಿಸುವುದು ಸುಲಭವಲ್ಲ. ಜೂನ್ ಕಳೆಯುವಷ್ಟರಲ್ಲಿ ಗೆರೆಗಳ ಮೇಲೆ ಬೂದಿಯಂತೆ ಬೂಷ್ಟು ಕೂರುತ್ತದೆ. ಅದನ್ನು ಒರಸದೆ ಪ್ಲೇಟು ಹಾಕಿದರೆ ಪಿನ್ನು ಕೊಳೆಯನ್ನು ಉತ್ತುಕೊಂಡು ಹೋಗುತ್ತದೆ. ಅರಗಿನ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಲೇಬಾರದು. ನಮ್ಮ ಆಚಾರ್ರು ಮರಕ್ಕೆ ಪಾಲಿಶ್ ಮಾಡುವಾಗ ಅರಗನ್ನು ಕರಗಿಸುವುದು ಸ್ಪಿರಿಟ್ಟಿನಲ್ಲೇ ಅಲ್ಲವೆ? ಹಾಡೂ ಹಾಗೆಯೇ ಕರಗಿಹೋದೀತು. ಬ್ಯಾಟರಿಗೆ ಹಾಕುವ ಶುದ್ಧ ನೀರಿಗೆ ಒಂದೆರಡು ಹನಿ ಸೌಮ್ಯವಾದ ಸೋಪು ಸೇರಿಸಿ, ಮೆತ್ತನೆಯ ಬಟ್ಟೆಯಲ್ಲಿ ಗೆರೆ ಹೋದ ದಿಕ್ಕಿಗೇ ಒರಸಿ, ಬರೀ ನೀರಿನಲ್ಲಿ ಇನ್ನೊಮ್ಮೆ ಒರಸಿ, ಕೂಡಲೇ ಒಣ ಬಟ್ಟೆಯಿಂದ ತೇವ ತೆಗೆಯಿರಿ. ನಡುವಿನ ಕಾಗದದ ಲೇಬಲ್ಲು ನೆನೆಯದಿರಲಿ. ಮಳೆ ಬಿಟ್ಟಿತೆಂದು ಅಂಗಳದಲ್ಲಿ ಬಿಸಿಲಿಗೆ ಹರಡುವವರನ್ನು ಕಂಡಿದ್ದೇನೆ. ಒಣಗಿಸಲು ಅದು ಹಪ್ಪಳವಲ್ಲ. ವಿನೈಲ್ ಪ್ಲೇಟು ಅರ್ಧ ಗಂಟೆಯಲ್ಲಿ ಡೊಂಕಾಗುತ್ತದೆ. ಒಂದರ ಮೇಲೊಂದು ಪೇರಿಸಿದರೂ ಹಾಗೆಯೇ. ಪುಸ್ತಕದಂತೆ ನಿಲ್ಲಿಸಿ, ಹೊರಗೋಡೆಗೆ ತಾಗದ ಕಪಾಟಿನಲ್ಲಿ, ಗಾಳಿಯಾಡುವ ಕಾಗದದ ಚೀಲದಲ್ಲಿ ಇಡಬೇಕು. ಬಿಗಿಯಾದ ಪ್ಲಾಸ್ಟಿಕ್ ಚೀಲ ತೇವವನ್ನು ಒಳಗೇ ಕಟ್ಟಿಹಾಕುತ್ತದೆ.

ಪಿನ್ನಿನ ಮಾತನ್ನೂ ಹೇಳಬೇಕು. 78ರ ಗೆರೆಗೆ ಬೇಕಾದ ಪಿನ್ನಿನ ತುದಿ ಎಲ್‌ಪಿಯ ಪಿನ್ನಿಗಿಂತ ಸುಮಾರು ಮೂರು ಪಟ್ಟು ದಪ್ಪ. ಹಳೆಯ ಪ್ಲೇಯರುಗಳಲ್ಲಿ ತಿರುಗಿಸಿದರೆ ಇದು, ಹೊರಳಿಸಿದರೆ ಅದು ಎಂಬಂತೆ ಎರಡೂ ಇರುತ್ತಿದ್ದವು. ಕೀಲಿ ಗ್ರಾಮಫೋನಿನ ಉಕ್ಕಿನ ಪಿನ್ನನ್ನು ಒಂದೊಂದು ಮುಖಕ್ಕೂ ಬದಲಿಸಬೇಕು, ವಿನೈಲಿಗೆ ಅದನ್ನು ತಾಗಿಸಲೇಬಾರದು.

“ಇದಕ್ಕೆ ಎಷ್ಟು ಸಿಕ್ಕೀತು?” ಎಂಬುದು ನನ್ನನ್ನು ಹೆಚ್ಚಿನವರು ಕೇಳುವ ಪ್ರಶ್ನೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ಪ್ಲೇಟುಗಳು ಮಾರಾಟವಾದವು, ಸಿ.ಡಿ.ಗಳು 3.3 ಕೋಟಿ. ಹೊಸ ತಲೆಮಾರು ಪ್ಲೇಟಿಗೆ ಮರಳಿದೆ, ಬೆಲೆಯೂ ಏರಿದೆ. 1970 ಮತ್ತು 71ರಲ್ಲಿ ಸಿಗರೇಟು ಕಂಪನಿಯೊಂದರ ಪ್ರಾಯೋಜಕತ್ವದಲ್ಲಿ ನಡೆದ ‘ಸಿಮ್ಲಾ ಬೀಟ್’ ಸ್ಪರ್ಧೆಯ ಎಲ್‌ಪಿಗಳು, ನಮ್ಮ ದೇಶದ ಕಾಲೇಜು ಹುಡುಗರು ಹಾಡಿದವು, ಇಂದು ಪರದೇಶದಲ್ಲೂ ಬೇಡಿಕೆಯಲ್ಲಿವೆ. ಮಾರುವುದು ತಪ್ಪೆಂದು ನಾನು ಹೇಳುವವನಲ್ಲ. ಮನೆಯ ಕಷ್ಟ ಮನೆಯವರಿಗೆ ಗೊತ್ತು. ಆದರೆ ಸೀಲು ಒಡೆಯದೆ ಕಪಾಟಿನಲ್ಲಿಟ್ಟು ಬೆಲೆ ಏರುವುದನ್ನು ಕಾಯುವವರ ಸಂಗ್ರಹವನ್ನು ನಾನು ಸಂಗ್ರಹವೆಂದು ಎಣಿಸುವುದಿಲ್ಲ.

ಬೀಟಲ್ಸ್ ಪ್ಲೇಟು ಒಡೆದರೆ ಜಗತ್ತಿನಲ್ಲಿ ಇನ್ನೊಂದಿದೆ. ನಾಟಕದ ಕಂಪನಿಗಳ ಕಾಲದ ಕನ್ನಡ ಪ್ಲೇಟುಗಳ ಮಾತು ಹಾಗಲ್ಲ. ಎಷ್ಟೋ ಹಾಡುಗಳಿಗೆ ಉಳಿದಿರುವ ಪ್ರತಿ ಯಾರದೋ ಅಟ್ಟದಲ್ಲಿರುವ ಒಂದೋ ಎರಡೋ ಆಗಿರಬಹುದು. ಹೆಸರು ಕಾಣದ ಕನ್ನಡ ಪ್ಲೇಟು ಸಿಕ್ಕಿದರೆ ಅದನ್ನೇ ಮೊದಲು ಜೋಪಾನ ಮಾಡಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ರಂಗಕಲೆಗಳ ಅಧ್ಯಯನ ಕೇಂದ್ರ ನಮ್ಮ ಜಿಲ್ಲೆಯ ಪಾಡ್ದನ, ಯಕ್ಷಗಾನಗಳನ್ನು ಮುದ್ರಿಸಿ ಕಾಪಿಡಲು ತೊಡಗಿದ್ದರಿಂದಲೇ ಎಷ್ಟೋ ದನಿಗಳು ಇಂದು ಉಳಿದಿವೆ. ಮನೆಯ ಪ್ಲೇಟಿನ ಹಾಡನ್ನು ಇಂದು ಕಂಪ್ಯೂಟರಿಗೆ ಇಳಿಸುವುದು ಕಷ್ಟದ ಕೆಲಸವೂ ಅಲ್ಲ. ಇಳಿಸುವಾಗ ಲೇಬಲ್ಲಿನ ಎರಡೂ ಮುಖಗಳ ಚಿತ್ರ ತೆಗೆದು, ಗೆರೆಗಳ ಕೊನೆಯ ಬರಿಯ ಜಾಗದಲ್ಲಿ ಗೀಚಿದಂತಿರುವ ಅಂಕಿಯನ್ನೂ ಬರೆದುಕೊಳ್ಳಿ. ಮುದ್ರಣದ ಕಾಲವನ್ನು ಬಲ್ಲವರು ಅದರಿಂದಲೇ ಗುರುತಿಸುತ್ತಾರೆ. ಪ್ಲೇಟು ಯಾವ ಮನೆಯದು, ಯಾರು ಎಲ್ಲಿಂದ ತಂದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಚೀಲದೊಳಗೆ ಇಟ್ಟುಬಿಡಿ. ಪೆನ್ಸಿಲ್ಲಿನಲ್ಲಿ ಬರೆಯಿರಿ, ನಮ್ಮ ಮಳೆಗೆ ಶಾಯಿ ನಿಲ್ಲುವುದಿಲ್ಲ.