ಔಷಧಿ ಮಾರುಕಟ್ಟೆಯ ನಾಳೆ ಮತ್ತು ನಮ್ಮ ಮಕ್ಕಳು



ಔಷಧಿಗಾಗಿ ಒಡವೆ ಅಡವಿಡುವ ಮನೆಗಳು ನಮ್ಮ ಮೊಹಲ್ಲಾಗಳಲ್ಲಿ ಇಂದಿಗೂ ಇವೆ. ಆದ್ದರಿಂದ ಈ ಮಾರುಕಟ್ಟೆಯ ವಿಷಯ ನಮಗೆ ದೂರದ್ದಲ್ಲ.

1935ರಲ್ಲಿ ಖ್ವಾಜಾ ಅಬ್ದುಲ್ ಹಮೀದ್ ಮುಂಬಯಿಯಲ್ಲಿ ಸಿಪ್ಲಾ ಸ್ಥಾಪಿಸಿದರು. 1970ರ ಪೇಟೆಂಟ್ ಕಾಯ್ದೆಯು ಔಷಧಿಗೆ ಹಕ್ಕು ಕೊಡದೆ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ನಮ್ಮ ಕಂಪನಿಗಳು ಬೇರೆ ವಿಧಾನದಿಂದ ಅದೇ ಔಷಧಿ ತಯಾರಿಸಿ ಬೆಲೆ ಇಳಿಸಿದವು. ವರ್ಷಕ್ಕೆ 10,000 ಡಾಲರಿನಷ್ಟು ಬೀಳುತ್ತಿದ್ದ ಏಡ್ಸ್ ಚಿಕಿತ್ಸೆಯ ಔಷಧಿಗಳನ್ನು 2001ರಲ್ಲಿ ಅವರ ಮಗ ಯೂಸುಫ್ ಹಮೀದ್ 350 ಡಾಲರಿಗೆ ಕೊಡಲು ಮುಂದಾದರು.

2005ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಔಷಧಿಗೇ 20 ವರ್ಷದ ಪೇಟೆಂಟ್ ಬಂತು. ಕಚ್ಚಾವಸ್ತುವಿಗೆ ಚೀನಾವನ್ನೂ ನೆಚ್ಚಿದ್ದೇವೆ. ಇನ್ನು ಮುಂದೆ ಸಂಶೋಧನೆ ಮಾಡಿದವನದೇ ಮಾರುಕಟ್ಟೆ.

ಆದುದರಿಂದ ಪೋಷಕರೇ, ಮಗಳ ಓದನ್ನು ಎಸ್ಸೆಸ್ಸೆಲ್ಸಿಗೆ ನಿಲ್ಲಿಸಬೇಡಿ. ರಸಾಯನಶಾಸ್ತ್ರ ಓದಿಸಿ. ನಾಳೆಯ ಅಗ್ಗದ ಔಷಧಿ ಅವಳ ಕೈಯಿಂದಲೇ ಬರಲಿ, ಇನ್ಷಾ ಅಲ್ಲಾಹ್.